ಮುಳ್ಳು ಏಳದ ಮೀಟರು

...ಅಲ್ಲ ಕಣಪ್ಪ ಸಾದಿಕ್ಕು, ನಾನು ಇಲ್ಲಿ ಒಬ್ಬಳೇ ಬಡ್ಕೋತಾ ಇದೀನಿ, ನೀನು ಕಿವಿಗೇ ಹಾಕ್ಕೊಳ್ದೆ ಬಾನೆಟ್ಟು ಎತ್ತಿದ್ರೆ ಹೆಂಗೆ? ಮೊದಲು ಕಾಫಿ ಕುಡಿ. ಬೇಡ್ವಾ? ನಾಲ್ಕೇ ತಿಂಗಳಿಗೆ ಅಮ್ಮಾಜಮ್ಮನ ಮನೆ ಕಾಫಿ ಕಹಿ ಆಗೋಯ್ತಾ? ಹನ್ನೊಂದು ವರ್ಷ ಇದೇ ಜಗುಲಿ ಮೇಲೆ ಕೂತು "ಅಮ್ಮಾ, ಇನ್ನೊಂದು ಚೂರು ಬೆಲ್ಲ" ಅಂತ ಕೇಳಿ ಕೇಳಿ ಕುಡೀತಿದ್ದ ಡ್ರೈವರು ನೀನು. ನೋಡು, ನಿನ್ನ ಲೋಟ ಕೂಡ ಎಸೆದಿಲ್ಲ. ಕಿಟಕಿ ಮೇಲೆ ಬೇರೆ ಇಟ್ಟಿದ್ದು ಇಟ್ಟಂಗೇ ಇತ್ತು, ಹುಣಸೆಹಣ್ಣು ಹಾಕಿ ಬೆಳಗಿ ತಂದಿದೀನಿ. ಸರಿ, ಅಲ್ಲೇ ಇಡು. ಬೇಕು ಅನ್ನಿಸಿದಾಗ ಕುಡಿ.

ಮಾತಾಡಲ್ಲ ಅಂತ ವ್ರತ ಹಿಡಿದು ಬಂದಂಗೈತೆ. ಇರಲಿ. ಗಾಡೀನೂ ಮೂಗಿ, ನೀನೂ ಮೂಗ, ಸರಿಯಾಗಿ ಜೋಡಿ ಆಯ್ತು. ನಮ್ಮ ಯಜಮಾನರು ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಲ್ಲಿ ಈ ಪಿಕಪ್ಪು ಹಿಡ್ಕೊಂಡು ಬಂದಾಗ ಕೆಂಚಾರ್ಲಹಳ್ಳಿ ಹೆಂಗಸರೆಲ್ಲ ಆರತಿ ಎತ್ತಿದ್ರು. ಅವರು ಹೋದ್ರು, ಇದು ಉಳೀತು. ಇಬ್ಬರದೂ ಒಂದೇ ಗುಣ ಬಿಡು. ಏರು ಬಂದ್ರೆ ಬುಸುಬುಸು ಅನ್ನೋದು, ಇಳಿಜಾರಲ್ಲಿ ಬಲೇ ಶೂರರು. ಹ್ಞಾ, ನಕ್ಕೆ. ಮೀಸೆ ಕೆಳಗೆ ನಕ್ಕಿದ್ದು ಕಾಣಿಸ್ತು ನನಗೆ.

ನಿನ್ನ ಜಾಗಕ್ಕೆ ಬಂದ ಮಹಾರಾಜನ ಕಥೆ ಕೇಳಿದ್ಯಾ? ನಮ್ಮಣ್ಣನ ಮಗ, ಚನ್ನಕೇಶವ. ರಸ್ತೆ ನೋಡೋದಕ್ಕಿಂತ ಕನ್ನಡಿ ನೋಡಿ ಕ್ರಾಪು ತೀಡೋದೇ ಜಾಸ್ತಿ. ಈ ಹೀಟ್ ಮೀಟರಿನ ಮುಳ್ಳು ಮಲಗಿದ್ದು ಎದ್ದೇ ಇಲ್ವಲ್ಲ, ಎಂಜಿನ್ನು ಎಷ್ಟು ಕಾದೈತೆ ಅಂತ ಗೊತ್ತಾಗಲ್ಲ. ಅದಕ್ಕೆ ಇವನು ಕಂಡ ಕಂಡ ಬಾವಿ ಹತ್ರ ನಿಲ್ಲಿಸಿ ರೇಡಿಯೇಟರಿಗೆ ನೀರು ಹುಯ್ಯೋದು. ನಗರಗೆರೆಗೆ ಹಿಪ್ಪುನೇರಳೆ ಕಡ್ಡಿ ತರಕ್ಕೆ ಅಂತ ಹೋದೋನು, ಕಡ್ಡಿ ಎಷ್ಟು ತಂದೆ ಅಂದ್ರೆ ಹೇಳಕ್ಕೆ ಬರಲ್ಲ, ದಾರೀಲಿ ಬಾವಿ ಎಷ್ಟು ಅಂದ್ರೆ ಹದಿನಾಲ್ಕು ಅಂತಾನೆ. ಮೊನ್ನೆ ಕುದೀತಿರೋ ರೇಡಿಯೇಟರಿನ ಮುಚ್ಚಳ ಬರಿಗೈಲಿ ತಿರುಗಿಸ್ದ. ಈಗ ಅವರಮ್ಮನ ಮನೇಲಿ ಕೈಗೆ ಬಾಳೆಎಲೆ ಸುತ್ಕೊಂಡು ಮಲಗವ್ನೆ. ಅದಕ್ಕೇ ತರಕಾರಿ ಆಂಜಿನಮ್ಮನ ಕೈಲಿ ನಿನಗೆ ಹೇಳಿ ಕಳಿಸಿದ್ದು, ಗಾಡಿ ಮೊಂಡಾಟ ಮಾಡ್ತೈತಂತೆ, ಒಂದ್ಸಲ ಬಂದು ಹೋಗಬೇಕಂತೆ ಅಂತ. ಅಷ್ಟೇ ತಾನೇ ಹೇಳಿದ್ದು ಅವಳು? ಹ್ಞೂ, ಅಷ್ಟೇ. ರೇಷ್ಮೆ ಗೂಡು ಬಿಡಿಸಿ ಆಗೈತೆ, ನಾಳೆ ಬೆಳಿಗ್ಗೆ ಶಿಡ್ಲಘಟ್ಟ ಸೇರ್ಬೇಕು. ತಡ ಆದ್ರೆ ಚಿಟ್ಟೆಗಳು ಗೂಡು ಕೊರ್ಕೊಂಡು ಬಂದು ನನ್ನ ಮುಖದ ಮೇಲೇ ಹಾರ್ತವೆ.

ಹಂಗೆ ಮುಖ ಊದಿಸ್ಕೋಬೇಡ. ನಿನ್ನ ಕೆಲಸದ ವಿಷಯಾನೂ ನಾನು ಮರೆತಿಲ್ಲ. ಚಿಂತಾಮಣಿ ವೆಂಕಟರಾಯಪ್ಪನ ಬಸ್ಸಿಗೆ ಡ್ರೈವರ್ ಆಗ್ತೀಯಂತಲ್ಲ? ಚಿಂತಾಮಣಿ ಟು ಗೌರಿಬಿದನೂರು. ಕಾಕಿ ಅಂಗಿ, ಹಾರನ್ನು, ಮುಂದುಗಡೆ ಸೀಟಲ್ಲಿ ಪೊಲೀಸಪ್ಪ. ನಿನ್ನ ಹೆಂಡ್ತಿ ಹೇಳಿದ್ಲು. ಹೌದು, ವಜೀರುನ್ನೀಸಾನೇ, ಇಲ್ಲಿಗೇ ಬಂದಿದ್ಲು ಕಣಪ್ಪ, ಮಂಗಳವಾರ, ನಿನಗೆ ಹೇಳಲಿಲ್ವಾ ಅವಳು? ಈ ಕಂಬ ಹಿಡ್ಕೊಂಡು ನಿಂತು, ಅಮ್ಮಾ, ನಾಲ್ಕು ತಿಂಗಳಿಂದ ಯಾರೂ ಸ್ಟೇರಿಂಗ್ ಕೊಡ್ತಿಲ್ಲ, ಎಂಜಿನ್ ಸುಟ್ಟ ಡ್ರೈವರು ಅಂತಾರೆ, ನೀವು ಒಂದು ಒಳ್ಳೆ ಮಾತು ಹೇಳಿದ್ರೆ ವೆಂಕಟರಾಯಪ್ಪನೋರು ತಗೋತಾರಂತೆ, ಅಂದ್ಲು. ಸೋಮವಾರ ಬಸ್ಸು ಹೊರಡುತ್ತೆ, ಇವತ್ತು ಶನಿವಾರ. ಇನ್ನೂ ಟೈಮೈತೆ. ಗಾಡಿ ಸರಿ ಮಾಡ್ಕೊಡು, ಹೇಳಣ. ಯಾಕೆ ಹೇಳಬಾರದು, ನಾನೇನು ರಾಕ್ಷಸೀನಾ?

ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ಯಾಕೆ ನೋಡ್ತೀಯ? ಹೇಳ್ತೀನಿ ಅಂದ್ನಲ್ಲ. ನಿನ್ನ ಕೆಲಸ ನೋಡು ನೀನು.

ಹ್ಞಾ, ಸ್ಟಾರ್ಟ್ ಆಯ್ತು. ಕರೆಯೋನ ಕೈ ಗುರುತು ಹಿಡಿದು ಹಸು ಹಾಲು ಬಿಟ್ಟಂಗೆ ಬಿಡ್ತು ನೋಡು. ಮುಳ್ಳು ಮಾತ್ರ ಮಲಗೇ ಐತೆ. ಗಾಜು ತಟ್ತೀಯಾ? ತಟ್ಟು ತಟ್ಟು. ಚನ್ನಕೇಶವ ತಟ್ಟೀ ತಟ್ಟೀ ಗಾಜೇ ಸೀಳು ಬಿಟ್ಟೈತೆ. ಅದಕ್ಕೆ ಕುಂಕುಮ ಇಟ್ಟ, ನಿಂಬೆಹಣ್ಣು ಕಟ್ಟಿದ. ಕೈವಾರ ತಾತಯ್ಯನ ಗುಡಿಗೆ ಹೋಗಿ ತೀರ್ಥ ಇಸ್ಕೊಂಡು ಬಂದು ಮೀಟರ್ ಮೇಲೆ ಚಿಮುಕಿಸ್ದ. ತಾತಯ್ಯನಿಗೆ ಬೇರೆ ಕೆಲಸ ಇಲ್ವೇನೋ ಪೆದ್ದ, ನಿನ್ನ ಎಂಜಿನ್ ಜ್ವರ ನೋಡ್ಕೊಂಡು ಕೂತ್ಕೋತಾರಾ ಅಂದೆ.

ಕೊಂಡಪ್ಪನ್ನ ಯಾಕೆ ಕರೀಲಿಲ್ಲ ಅಂತ ತಾನೇ ಆ ನೋಟ? ಹೌದು, ಎಂಜಿನ್ನು ಬಿಚ್ಚಿ ಕಟ್ಟಿದ ಮೆಕ್ಯಾನಿಕ್ಕು ಅವನೇ. ಆದ್ರೆ ಅವನದು ಬಾಯಿ ಬೊಂಬಾಯಿ. ಚಿಂತಾಮಣೀಲಿ ಒಂದು ನಟ್ಟು ಸಡಿಲ ಅಂದ್ರೆ ಚಿಕ್ಕಬಳ್ಳಾಪುರದ ತನಕ ಡಂಗೂರ ಹೊಡೀತಾನೆ. ಬೇಡಪ್ಪ ಅವನ ಸಹವಾಸ. ...ಡಂಗೂರ ಹೊಡೆಯೋವಂಥದ್ದು ಇಲ್ಲೇನೈತೆ ಅಂತೀಯಾ? ಏನೂ ಇಲ್ಲ. ಸುಮ್ಮನೆ ಒಂದು ಮಾತಿಗೆ ಅಂದೆ.

ಅವತ್ತಿನ ದಿನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ ನನಗೆ. ನಿನ್ನ ತಂಗಿ ಮದುವೆ ಅಂತ ಹತ್ತು ದಿನ ರಜಾ ಹೋದೆ. ಹತ್ತು ದಿನವೂ ಗಾಡಿ ಇದೇ ಅಂಗಳದಲ್ಲಿ ನಿಂತಿತ್ತು. ನೀನು ಬಂದ ದಿನವೇ ಗೂಡು ತುಂಬಿದ್ವಿ. ಬೇಸಿಗೆ ಬಿಸಿಲು, ಮೂಟೆ ಮೇಲೆ ಮೂಟೆ, ನಾನು ನಿನ್ನ ಪಕ್ಕದಲ್ಲಿ. ಚಿಂತಾಮಣಿ ದಾಟಿ ಏರು ಹತ್ತೋವಾಗ ದಡಕ್ ಅಂತ ನಿಂತೋಯ್ತು. ನೀರೆಲ್ಲ ಆವಿಯಾಗಿ ಎಂಜಿನ್ನು ಹಿಡ್ಕೊಂಬಿಟ್ಟಿತ್ತು. ಒಂದು ಎತ್ತಿನಗಾಡಿ ಸಿಗೋ ಹೊತ್ತಿಗೆ ಮಾರನೇ ದಿನ ಮಧ್ಯಾಹ್ನ. ಅಷ್ಟರಲ್ಲಿ ಗೂಡು ಬೆವೆತು, ಹುಳ ಒಳಗೇ ಸತ್ತು ಕರಗಿ, ಹೊರಗೆಲ್ಲ ಕರೆ ಕರೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚೋ ಹೆಂಗಸರು ಮೂಸಿ ನೋಡಿ ಮುಖ ತಿರುಗಿಸಿದ್ರು. ಮದುವೆಗೆ ಮುಂಚೆ ಅವರ ಜೊತೇಲೇ ಕೂತು ನೂಲು ಬಿಚ್ಚಿದೋಳು ನಾನು. ಗೂಡಿನ ವಿಷಯದಲ್ಲಿ ಅಮ್ಮಾಜಮ್ಮನ್ನ ಬೆರಳು ಮಾಡಿ ತೋರಿಸಿದೋರು ಇರಲಿಲ್ಲ. ಅವತ್ತು ತೋರಿಸಿದ್ರು.

ವಾಪಸ್ ಬಂದ ಸಂಜೆ ಊರ ಕಟ್ಟೆ ಹತ್ರ ಅಂದೆ, ಇಲ್ಲ ಅನ್ನಲ್ಲ. ಮೀಟರ್ ಮುಂದೇನೇ ಕೂತಿದ್ದ, ಮುಳ್ಳು ನೋಡಕ್ಕಾಗ್ಲಿಲ್ವಾ ಇವನಿಗೆ, ಮದುವೆ ಮನೇಲಿ ನಿದ್ದೆಗೆಟ್ಟು ಬಂದು ತೂಕಡಿಸಿ ನನ್ನ ಎಂಜಿನ್ ಸುಟ್ಟ, ಅಂದೆ. ಊರೆಲ್ಲ ಕೇಳ್ತು. ನೀನು ಒಂದು ಮಾತಾದ್ರೂ ಆಡಿದ್ಯಾ? ಬೀಗದ ಕೈ ಕೊಡಕ್ಕೆ ಬಂದೋನು ಅಲ್ಲಿ ಗೋಡೆ ಹತ್ರ, ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆ ಒರಗಿಸಿದ್ವಲ್ಲ, ಅಲ್ಲಿ ಅರ್ಧ ಗಳಿಗೆ ನಿಂತೆ. ಕೀ ಇಟ್ಟೆ. ಹೊರಟೋದೆ. ತಪ್ಪು ಮಾಡ್ದೇ ಇರೋನು ಹಂಗೆ ಬಾಯಿಗೆ ಬೀಗ ಹಾಕ್ಕೊಂಡು ಹೋಗ್ತಾನಾ ಅಂತ ಜನ ಅಂದ್ರು. ನಾನೂ ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಗಾದೇನೂ ಹೇಳ್ದೆ. ಎಲ್ಲರೂ ನಕ್ಕರು. ...ಬಿಡು, ಹಳೇದೆಲ್ಲ ಯಾಕೆ ಈಗ.

ಏನು ಕೈಸನ್ನೆ? ಬಿಸಿನೀರಾ? ಒಲೆ ಮೇಲೆ ಗೂಡು ಬೇಯಿಸೋ ನೀರು ಮರಳ್ತಾ ಐತೆ, ಹದ ನೋಡಕ್ಕೆ ನಾಲ್ಕು ಗೂಡು ಹಾಕಣ ಅಂತಿದ್ದೆ. ತಡಿ, ತಂದೆ. ...ಹಿಡ್ಕೊ. ಓಹೋ, ಮೀಟರಿನ ತಂತಿ ತುದೀಲಿ ಎಂಜಿನ್ನಿಗೆ ಸಿಕ್ಕಿಸಿರೋ ಆ ಗುಂಡು ಬಿಚ್ಚಿ ನೀರಲ್ಲಿ ಅದ್ದಿ, ಮುಳ್ಳು ಏಳುತ್ತಾ ಇಲ್ವಾ ನೋಡೋದಾ? ನೀರು ಕಾದೈತಾ ಅಂತ ನಾನು ಹೇಳ್ತೀನಿ ಇರು. ಈ ಬೆರಳು ನೋಡು, ಬೆಂದು ಬೆಂದು ತುದಿ ಸತ್ತೋಗವೆ. ಆದ್ರೂ ಹಿಂಗೆ ಅದ್ದಿ ಹಿಂಗೆ ತೆಗೆದ್ರೆ ಸಾಕು, ಇನ್ನೊಂದು ಸೌದೆ ಬೇಕಾ, ಇರೋ ಸೌದೆ ಎಳೀಬೇಕಾ, ಹೇಳಿಬಿಡ್ತವೆ. ಮುಳ್ಳೂ ಬೇಡ, ಗಾಜೂ ಬೇಡ. ಹ್ಞೂ, ಕಾದೈತೆ. ಅದ್ದು.

ಏಳಲಿಲ್ಲ.

ಕುದಿಯೋ ನೀರಲ್ಲಿ ಹಾಕಿದ್ರೂ ಏಳಲಿಲ್ಲ ಅಂದ್ರೆ ಮೀಟರೇ ಕೆಟ್ಟೈತೆ ಬಿಡಪ್ಪ. ಮಿಲಿಟರಿ ಕಾಲದ್ದು, ಆಯಸ್ಸು ಮುಗೀತು. ಅದಕ್ಕೆ ಯಾರೇನು ಮಾಡಕ್ಕಾಗುತ್ತೆ? ...ಮೀಟರ್ ಹಿಂದೆಲ್ಲ ಕೈ ಹಾಕಿ ಯಾಕೆ ಕೆದಕ್ತೀಯ, ಜೇಡರಬಲೆ ಕಟ್ಟೈತೆ, ಚೇಳು ಗೀಳು ಇದ್ರೆ ಕಷ್ಟ. ಬೇಡ ಅಂದ್ನಲ್ಲ ಸಾದಿಕ್ಕು. ಮೀಟರ್ ಕೆಟ್ಟೈತೆ, ಬೇರೆ ಹಾಕಣ, ಮುಗೀತು. ಸುಮ್ಮನೆ ಯಾಕೆ ಬುಡ ಅಗೆಯೋದು.

ಹ್ಞಾ, ಕೈ ತೆಗೆದ್ಯಲ್ಲ, ಜಾಣ. ಆ ಚೀಲದಲ್ಲೇನು? ಮೀಟರಾ? ಯಾವುದೋ ಹಳೇ ಲಾರೀದು ಇರಬೇಕು. ಆದ್ರೂ ತಂತಿ ಸಮೇತ, ಗುಂಡು ಸಮೇತ ಐತೆ. ಅದನ್ನೂ ಅದ್ದು ನೋಡಣ. ...ಅಯ್ಯೋ ನಾಯನಾ, ಎದ್ದಿತು ನೋಡು. ಒಂದೇ ಉಸಿರಿಗೆ ಕೆಂಪು ಗೆರೆ ತನಕ ಎದ್ದಿತು. ಅದಕ್ಕೇ ಕಣಪ್ಪ ನಿನ್ನೇ ಕರೆಸಿದ್ದು. ಆ ಪೆದ್ದ ತೀರ್ಥ ಚಿಮುಕಿಸ್ತಾ ಕೂತಿದ್ದ, ನೀನು ನೋಡು, ಬರೋವಾಗ್ಲೇ ಹೊಂದಿಸ್ಕೊಂಡು...

ತಡಿ. ಬರೋವಾಗ್ಲೇ ತಂದ್ಯಾ ಇದನ್ನ?

ಆಂಜಿನಮ್ಮ ಹೇಳಿದ್ದು ಗಾಡಿ ಮೊಂಡಾಟ ಮಾಡ್ತೈತೆ ಅಂತ. ಮೀಟರು ಅನ್ನೋ ಮಾತೇ ಅವಳ ಬಾಯಲ್ಲಿ ಬಂದಿರಲ್ಲ. ಬ್ರೇಕ್ ಹೋಗಿರ್ಬೋದಾಗಿತ್ತು, ಗೇರ್ ಹೋಗಿರ್ಬೋದಾಗಿತ್ತು. ನೀನು ಮೀಟರ್ ತಂದೆ. ಬರೀ ಮೀಟರಲ್ಲ, ಉದ್ದದ ತಂತಿ ಸಮೇತ ಹುಡುಕಿ ತಂದೆ. ...ಈಗ ಮತ್ತೆ ಕೈ ಯಾಕೆ ಹಾಕ್ದೆ? ಬಗ್ಗಿ ನೋಡಲೂ ಇಲ್ಲ, ತಡಕಾಡಲೂ ಇಲ್ಲ. ಕತ್ತಲೆ ಮನೇಲಿ ದೀಪದ ಗೂಟ ಹಿಡಿದಂಗೆ ನೇರವಾಗಿ ಆ ಗಂಟನ್ನೇ ಹಿಡಿದು ಎಳೆದ್ಯಲ್ಲ. ಅದು ಅಲ್ಲೈತೆ ಅಂತ ನಿನಗೆ... ಅವತ್ತೇ ನೋಡಿದ್ಯಾ? ಏರಲ್ಲಿ ಗಾಡಿ ನಿಂತಾಗಲೇ?

ನನ್ನ ಅಂಗೈಲಿ ಯಾಕಪ್ಪ ಇಡ್ತೀಯ ಅದನ್ನ? ಯಾರು ಕಟ್ಟಿದ್ರೋ. ಕೊಂಡಪ್ಪನೇ ಕಟ್ಟಿರ್ಬೇಕು. ...ಹ್ಞೂ, ಕಾಣ್ತೈತೆ, ರೇಷ್ಮೇನೇ. ನೂಲು ಬಿಚ್ಚೋರು ಹಾಕೋ ಗಂಟು. ನಿಮ್ಮಮ್ಮ ರಹಮತುನ್ನೀಸಾನೂ ಶಿಡ್ಲಘಟ್ಟದಲ್ಲಿ ಇದೇ ಗಂಟು ಹಾಕಿ ನಿನ್ನ ಸಾಕಿದೋಳು, ನಿನಗೆ ಗುರುತು ಹತ್ತದೇ ಇರುತ್ತಾ? ಕೊಂಡಪ್ಪನಿಗೆ ಇದು ಬರಲ್ಲ. ಚನ್ನಕೇಶವನಿಗೆ ಚಡ್ಡಿ ಲಾಡಿ ಗಂಟೇ ನೆಟ್ಟಗೆ ಬರಲ್ಲ.

ಆ ಚಂದ್ರಿಕೆ ಕಡೆ ನೋಡಬೇಡ ಸಾದಿಕ್ಕು. ನೋಡಬೇಡ ಅಂದೆ.

ಬೈದುಬಿಡು ಒಂದ್ಸಲ. ಏನಾದ್ರೂ ಅನ್ನು. ...ಸರಿ, ನೀನು ಅನ್ನಲ್ಲ. ನಾನೇ ಅಂತೀನಿ.

ಹುಳ ಹಣ್ಣಾಗಿದ್ವು ಕಣಪ್ಪ. ನೀನು ಮದುವೆ ಮನೇಲಿದ್ದೆ. ತಟ್ಟೆ ತುಂಬ ಹುಳ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸ್ತಾ ನೂಲು ಬಿಡಕ್ಕೆ ಜಾಗ ಹುಡುಕ್ತಾ ಇದ್ವು. ನಿಲ್ಲೋ ಹೊತ್ತಾ ಅದು? ಆಗಲೇ ಆ ಚಂದ್ರಿಕೆ ಪಟ್ಟಿ ಕಿತ್ಕೊಂಡು ಬಂತು. ಮನೇಲಿ ಒಂದು ಗೇಣು ತಂತಿ ಇಲ್ಲ. ಗಾಡಿ ಒಳಗೆ, ಮೀಟರ್ ಹಿಂದೆ ತಾಮ್ರದ ತಂತಿ ಸುರುಳಿ ಸುರುಳಿ ಸುಮ್ಮನೆ ನೇತಾಡ್ತಿತ್ತು, ಶಾವಿಗೆ ಒಣಗಾಕಿದಂಗೆ. ಇಷ್ಟೊಂದು ಯಾಕೆ ಇದಕ್ಕೆ, ಮಿಲಿಟರಿಯೋರ ದುಂದು ಅನ್ಕೊಂಡು ಅಡಕತ್ತರೀಲಿ ಎರಡು ಗೇಣು ಕತ್ತರಿಸ್ಕೊಂಡು ಚಂದ್ರಿಕೆ ಪಟ್ಟಿ ಬಿಗಿದೆ. ಉಳಿದ ತುದಿ ಎರಡೂ ಸೇರಿಸಿ ಹೊಸೆದು, ರೇಷ್ಮೆ ಸುತ್ತಿ ಗಂಟು ಹಾಕ್ದೆ. ನೂಲು ದಿನಕ್ಕೆ ನೂರು ಸಲ ಕಡಿಯುತ್ತೆ, ನೂರು ಸಲ ಗಂಟು ಹಾಕ್ತೀವಿ, ಚರಕ ಓಡ್ತಾನೇ ಇರುತ್ತೆ. ಇದೂ ಹಂಗೇ ಅನ್ಕೊಂಡೆ. ಅದು ತಂತಿ ಅಲ್ಲ, ಕೂದಲಷ್ಟು ಸಣ್ಣ ತೂತಿರೋ ಕೊಳವೆ, ಒಳಗೆ ಏನೋ ಔಷಧಿ ತುಂಬಿರ್ತಾರೆ, ಕುಯ್ದ್ರೆ ಅದು ಗಾಳೀಲಿ ಹೋಗುತ್ತೆ, ಆಮೇಲೆ ಎಷ್ಟು ಕಟ್ಟಿದ್ರೂ ಮುಳ್ಳು ಸತ್ತಂಗೇ ಅಂತ ನನಗೇನು ಗೊತ್ತು?

ಗೊತ್ತಾಯ್ತು. ಹದಿನೈದೇ ದಿನಕ್ಕೆ ಗೊತ್ತಾಯ್ತು. ಕೊಂಡಪ್ಪ ಎಂಜಿನ್ ಕಟ್ಟೋವಾಗ ಕರೆದು ತೋರಿಸ್ದ, ಯಾರೋ ಕುಯ್ದವ್ರೆ ನೋಡಮ್ಮ ಅಂತ. ನಾನು ಏನಂದೆ ಗೊತ್ತಾ? ಆ ಡ್ರೈವರೇ ಕುಯ್ದಿರ್ಬೇಕು ಅಂದೆ. ಬಾಯಿಂದ ಬಂದೋಯ್ತು. ಬಂದಿದ್ದನ್ನ ವಾಪಸ್ ತಗೋಳ್ಳಕ್ಕೆ ಆಗಲಿಲ್ಲ. ಆಗಲಿಲ್ಲ ಅನ್ನೋದೂ ಸುಳ್ಳೇ, ತಗೋಳ್ಳಲಿಲ್ಲ.

ನಾನು ಹೇಳ್ತಾ ಇರೋವಾಗ್ಲೇ ಗುಂಡು ಸಿಕ್ಕಿಸಿ ಬಿಗೀತಾ ಇದೀಯಲ್ಲ, ಕೇಳಿಸ್ತೈತಾ ನಿನಗೆ? ಇನ್ನೂ ಐತೆ, ಕೇಳು. ಅವತ್ತು ಚಿಂತಾಮಣೀಲಿ ನೀನು ಗಾಡಿ ನಿಲ್ಲಿಸಿದ್ದೆ. ಅಮ್ಮಾ, ಮುಳ್ಳು ಏಳ್ತಾನೇ ಇಲ್ಲ, ಏನೋ ಸರಿ ಇಲ್ಲ, ಇಳಿದು ನೀರು ನೋಡ್ತೀನಿ ಅಂದೆ. ನಾನು ಏಳದಿದ್ರೆ ತಣ್ಣಗೈತೆ ಅಂತ ತಾನೇ, ಗೂಡು ಬೆವೀತೈತೆ, ಹೊಡಿ ಹೊಡಿ ಅಂದೆ. ಕಟ್ಟೆ ಹತ್ರ ಅದನ್ನ ನಾನು ಹೇಳಲಿಲ್ಲ. ನೀನೂ ಹೇಳಲಿಲ್ಲ. ಯಾಕಪ್ಪ? ಹನ್ನೊಂದು ವರ್ಷದ ಅನ್ನದ ಋಣಕ್ಕಾ? ಇಲ್ಲ... ಹೇಳಿದ್ರೂ ಯಾರೂ ನಂಬಲ್ಲ ಅಂತ. ಅದೇ ಅಲ್ವಾ? ಕೆಂಚಾರ್ಲಹಳ್ಳೀಲಿ ಅಮ್ಮಾಜಮ್ಮನ ಮಾತಿನ ಮುಂದೆ ಡ್ರೈವರ್ ಸಾದಿಕ್ಕನ ಮಾತು ಯಾರು ಕೇಳ್ತಾರೆ. ಹನ್ನೊಂದು ವರ್ಷ ನಿನ್ನ ಲೋಟ ಕಿಟಕಿ ಮೇಲೆ ಬೇರೆ ಇಟ್ಟೋಳೂ ನಾನೇ ತಾನೇ.

ಎಲ್ಲಿಗೆ ಹೊರಟೆ ಚೀಲ ಎತ್ಕೊಂಡು? ಕೆಲಸ ಮುಗೀತು ಅಂತಾನಾ? ನಿಂತ್ಕೊ. ವೆಂಕಟರಾಯಪ್ಪನ ಹತ್ರ ಮಾತು ಹೇಳ್ತೀನಿ ಅಂದ್ನಲ್ಲ, ಅದನ್ನೂ ಕೇಳ್ದೆ ಹೋಗ್ತೀಯಾ? ಆ ಮಾತು ಎತ್ತಿದಾಗ್ಲೂ ಸ್ಪ್ಯಾನರ್ ಇಟ್ಟು ಹಿಂಗೇ ನೋಡ್ದೆ ನೀನು, ಇದೇ ನೋಟ... ಅಯ್ಯೋ ಶಿವನೇ. ಅದೂ ಗೊತ್ತಾ ನಿನಗೆ? ವೆಂಕಟರಾಯಪ್ಪನೇ ಹೇಳಿದ್ನಾ?

ಬುಧವಾರವೇ ಬಂದಿದ್ದ ಅವನು. ನಿನ್ನ ಹೆಂಡ್ತಿ ಬಂದು ಹೋದ ಮಾರನೇ ದಿನವೇ. ಇಲ್ಲೇ ಕೂತು ಕೇಳ್ದ, ಹೆಂಗಮ್ಮ ಸಾದಿಕ್ಕು ಅಂತ. ತೂಕಡಿಸ್ತಾನೆ, ನಲವತ್ತು ಜೀವ ಅವನ ಕೈಗೆ ಕೊಡಬೇಡ ಅಂದೆ. ನೀನು ಆ ಬಸ್ಸಲ್ಲಿ ಊರೂರು ತಿರುಗಿ, ಯಾವತ್ತಾದ್ರೂ ಒಂದಿನ ಯಾರ ಹತ್ರಾದ್ರೂ ಈ ಗಂಟಿನ ವಿಷಯ ಬಾಯಿಬಿಟ್ರೆ ಅಂತ ಭಯ ನನಗೆ. ಅದಕ್ಕೆ ನಿನ್ನ ಬಾಯಿ ಮುಚ್ಚಿಸಕ್ಕೆ ನಿನ್ನ ಅನ್ನಾನೇ ಕಿತ್ಕೊಂಡೆ. ನೀನು ನೋಡಿದ್ರೆ ನಾಲ್ಕು ತಿಂಗಳಿಂದ ಬಾಯೇ ಬಿಟ್ಟಿಲ್ಲ.

ಎಲ್ಲ ಗೊತ್ತಿದ್ದೂ ಬಂದ್ಯಾ? ಮೀಟರ್ ಹುಡುಕ್ಕೊಂಡು? ಆ ಚನ್ನಕೇಶವನ ಕೈ ಸುಟ್ಟಿದ್ದು ಕೇಳಿ ಬಂದ್ಯಾ, ಇಲ್ಲ ನಾಳೆ ನಾನು ಆ ಗಾಡೀಲಿ ಕೂತು ಸಾಯ್ತೀನಿ ಅಂತ ಬಂದ್ಯಾ? ಹೇಳಬೇಡ ಬಿಡು. ಕೇಳಿಸ್ಕೊಳ್ಳೋ ಮುಖ ನನಗಿಲ್ಲ.

ಆ ಚೀಲ ಗಾಡಿ ಒಳಗಿಡು. ಗೂಡು ನಾಳೆಗಿರ್ಲಿ, ಈಗ ಚಿಂತಾಮಣಿಗೆ ಹೋಗಣ. ಸೋಮವಾರಕ್ಕೆ ಬೇರೆಯೋನ್ನ ನೋಡ್ತೀನಿ ಅಂದಿದಾನೆ ವೆಂಕಟರಾಯಪ್ಪ, ಅಷ್ಟರೊಳಗೆ ಹಿಡೀಬೇಕು ಅವನ್ನ. ಇರು, ಚಂದ್ರಿಕೆ ತಗೋತೀನಿ. ಬರೀ ಬಾಯಿಮಾತಲ್ಲಿ ಹೇಳಿದ್ರೆ ಮುದುಕಿಗೆ ಅರಳುಮರಳು ಅಂತಾನೆ ಅವನು. ತಂತಿ ತೋರಿಸ್ತೀನಿ, ಗಂಟು ತೋರಿಸ್ತೀನಿ. ಮೊದಲು ಕಟ್ಟೆ ಹತ್ರ ನಿಲ್ಲಿಸು. ಅಲ್ಲಿ ಅಂದಿದ್ದನ್ನ ಅಲ್ಲೇ ಇಳಿದು ಎಲ್ಲರ ಮುಂದೆ ಹೇಳಿ ಹೋಗಣ. ನಕ್ಕೋರು ಇನ್ನೊಂದ್ಸಲ ನಗಲಿ.

ಚಪ್ಪಲಿ ಬೇಡ, ಕೂತೆ. ಹೊರಡು. ...ಏನು? ಬೆರಳು ಯಾಕೆ ತೋರಿಸ್ತೀಯ ಆ ಕಡೆ? ಮೀಟರಾ? ಎದ್ದೈತೆ, ಕಾಣ್ತೈತೆ, ಸ್ವಲ್ಪವೇ ಎದ್ದೈತೆ. ...ನಾನು ನೋಡ್ತಿರ್ಬೇಕಾ? ದಾರಿ ಉದ್ದಕ್ಕೂ?

ಸರಿ ಕಣಪ್ಪ. ನೀನು ರಸ್ತೆ ನೋಡು. ಮುಳ್ಳು ನಾನು ನೋಡ್ತೀನಿ.